ಜೂಲಿ ಗುಂಡರ್ಟ್ ಅಮ್ಮನವರ ಜೀವನ ಚರಿತ್ರೆ

ಮಲೆಯಾಳ ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಡಾಕ್ಟರ್ ಹೆರ್ಮನ್ ಗುಂಡರ್ಟ್ ಎಂಬ ಮಹಾಪಂಡಿತರ ಹೆಸರು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವದು. ಅವರ ದೊಡ್ಡ ನಿಘಂಟು ೧೮೭೨ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಲ್ಲಿಯೇ ಅಚ್ಚಾಯಿತು. ಆ ಪಂಡಿತರ ಸಂಸಾರವನ್ನು ನಾಲ್ವತ್ತೇಳು ವರುಷಗಳ ಕಾಲ ನಡಿಸಿದ ಜೂಲಿ ಅಮ್ಮನವರ ಚರಿತ್ರೆಯು ಮಾತ್ರ ನಮ್ಮ ಹಳ್ಳಿಯ ಸಭೆಗಳಲ್ಲಿ ಅಷ್ಟಾಗಿ ಹೇಳಲ್ಪಡುವದಿಲ್ಲ. ಗಂಡನ ಪುಸ್ತಕಗಳ ಮೇಲೆ ಅವರ ಹೆಸರು ಇಲ್ಲ. ಅವರ ಕೆಲಸವೆಲ್ಲಾ ಹೆಣ್ಣುಮಕ್ಕಳ ಪಾಠದಲ್ಲಿಯೂ ಸೂಜಿದಾರದಲ್ಲಿಯೂ ಊಟದ ಮೇಜಿನ ಸುತ್ತಲೂ ನಡೆಯಿತು.

ಈ ಚರಿತ್ರೆಯನ್ನು ಈಗ ಹೇಳುವದಕ್ಕೆ ಒಂದು ಕಾರಣ ಉಂಟು. ಪುತ್ತೂರು, ಸುಳ್ಯ, ಕಡಬ ಸೀಮೆಗಳ ಎಷ್ಟೋ ಮನೆಗಳಿಂದ ಮಕ್ಕಳು ಅರಬಿ ದೇಶಗಳಿಗೂ ಇನ್ನೂ ದೂರದ ನಾಡುಗಳಿಗೂ ಕೆಲಸಕ್ಕಾಗಿ ಹೋಗಿರುತ್ತಾರೆ. ನಾವು ವಾಸಿಸುವ ದರ್ಬೆಯಲ್ಲಿಯೂ ಅಂಥ ಮನೆಗಳು ಇವೆ. ಕ್ರಿಸ್ತಜಯಂತಿಯ ದಿನ ಆ ಮಕ್ಕಳು ಮರಳುಗಾಡಿನ ನಡುವೆ ಕೋರಿರೊಟ್ಟಿಯನ್ನೋ ಪುಂಡಿಯನ್ನೋ ಮಾಡಿ ತಿಂದರೆಂದು ಕೇಳಿದಾಗ ಊರಿನಲ್ಲಿರುವ ತಂದೆತಾಯಿಗಳಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಆದರೂ ಮನೆತನದ ಊಟ ಉಳಿಯಿತು, ಮನೆತನದ ಬೇರೆ ಯಾವದು ಉಳಿಯುವದೋ ಎಂಬ ಚಿಂತೆಯು ಅವರನ್ನು ಬಿಡುವದಿಲ್ಲ. ನೂರಾ ಎಂಭತ್ತು ವರುಷಗಳಿಗೂ ಹಿಂದೆ ಸ್ವಿಟ್ಜರ್‌ಲೆಂಡಿನ ಒಬ್ಬ ತಾಯಿ ಇದೇ ಚಿಂತೆಯನ್ನು ಹೊತ್ತುಕೊಂಡು ನಮ್ಮ ಕರಾವಳಿಗೆ ಬಂದಿದ್ದರು. ಅವರು ಯಾವದನ್ನು ಇಟ್ಟುಕೊಂಡರು, ಯಾವದನ್ನು ಬಿಟ್ಟರು, ಯಾವದು ಅವರ ಕೈಯಿಂದ ತಪ್ಪಿಹೋಯಿತು ಎಂಬದನ್ನು ನೋಡುವದು ನಮಗೆ ಪ್ರಯೋಜನವಾದೀತು.

ಸ್ವಿಟ್ಜರ್‌ಲೆಂಡಿನ ಪಶ್ಚಿಮ ದಿಕ್ಕಿನಲ್ಲಿ ನೊಶಾತೆಲ್ ಎಂಬ ದೊಡ್ಡ ಸರೋವರ ಉಂಟು. ಅದರ ದಡದಿಂದ ಮೇಲಕ್ಕೆ ಏರುವ ಇಳಿಜಾರಿನಲ್ಲಿ ದ್ರಾಕ್ಷೇತೋಟಗಳೂ ಅವುಗಳ ಹಿಂದೆ ಯೂರಾ ಎಂಬ ಪರ್ವತಸಾಲೂ ಇವೆ. ನಮ್ಮ ಸೀಮೆಯ ಸಂಸಾರಗಳಿಗೆ ಅಡಿಕೆ ತೋಟ ಹೇಗೋ ಅಲ್ಲಿಯವರಿಗೆ ದ್ರಾಕ್ಷೇತೋಟ ಹಾಗೆ. ಅಲ್ಲಿಯ ಕೊರ್ಸೆಲ್ ಎಂಬ ಗ್ರಾಮದಲ್ಲಿ ದ್ರಾಕ್ಷೆ ಬೆಳೆಯುವ ಒಂದು ಕುಟುಂಬದಲ್ಲಿ ೧೮೦೯ನೆಯ ಅಕ್ಟೋಬರ್ ೧ರಂದು ಜೂಲಿ ದ್ಯುಬುವಾ ಎಂಬ ಹೆಣ್ಣುಮಗು ಹುಟ್ಟಿತು. ಮನೆಯ ಮಾತು ಫ್ರೆಂಚ್. ೧೫೩೦ರಲ್ಲಿ ಗಿಯೋಮ್ ಫರೆಲ್ ಎಂಬ ಬೋಧಕರ ಸಾರೋಣದಿಂದ ನೊಶಾತೆಲಿನ ಸಭೆಯು ಸುಧಾರಣೆಯ ಮಾರ್ಗವನ್ನು ಹಿಡಿದಿತ್ತು. ಅಂದಿನಿಂದ ಆ ಗ್ರಾಮಗಳವರು ವೇದಪುಸ್ತಕವನ್ನು ತಮ್ಮ ಮಾತಿನಲ್ಲಿಯೇ ಓದುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಅವರ ಮನೆಗಳಲ್ಲಿ ಕಟ್ಟುನಿಟ್ಟು ಬಹಳ, ಆಡಂಬರ ಕಡಿಮೆ.

ಆ ಸೀಮೆಗೆ ಅರಸರು ಒಬ್ಬರಾದ ಮೇಲೊಬ್ಬರು ಬದಲಾದರು. ಜೂಲಿ ಹುಟ್ಟಿದಾಗ ನೆಪೋಲಿಯನ್ ಚಕ್ರವರ್ತಿಯು ಅದನ್ನು ತನ್ನ ಸೇನಾಪತಿಯಾದ ಬೆರ್ತಿಯೇ ಎಂಬವನಿಗೆ ಕೊಟ್ಟಿದ್ದನು. ೧೮೧೪ರಲ್ಲಿ ಅದು ತಿರಿಗಿ ಪ್ರಶ್ಯದ ಅರಸನ ಕೈಸೇರಿತು, ಅದರೊಂದಿಗೆ ಸ್ವಿಸ್ ಒಕ್ಕೂಟದಲ್ಲಿಯೂ ಸೇರಿತು. ೧೮೪೮ರಲ್ಲಿ ಪ್ರಜೆಗಳು ಅರಸನ ಅಧಿಕಾರವನ್ನು ತೆಗೆದುಹಾಕಿದರು. ಹೀಗೆ ಬಾವುಟಗಳು ಬದಲಾಗುತ್ತಾ ಇದ್ದಾಗ್ಗೂ ಮನೆಯ ಮಾತು, ಮನೆಯ ಪ್ರಾರ್ಥನೆ, ಮನೆಯ ಅಡಿಗೆ ಇವು ಮೂರೂ ಬದಲಾಗಲಿಲ್ಲ. ಆ ಜನರಿಗೆ ಸ್ವದೇಶವೆಂದರೆ ಮುಖ್ಯವಾಗಿ ಇವೇ ಆಗಿದ್ದವು.

ಈಗ ಸ್ವಿಸ್ ಊಟವೆಂದು ಲೋಕವೆಲ್ಲಾ ಹೇಳುವದು ಫೊಂಡ್ಯು ಎಂಬ ಪದಾರ್ಥವನ್ನು. ಮಣ್ಣಿನ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಚೀಸನ್ನೂ ಬಿಳೀ ದ್ರಾಕ್ಷಾರಸವನ್ನೂ ಹಾಕಿ ಕರಗಿಸುತ್ತಾರೆ. ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಮೇಜಿನ ನಡುವೆ ಇಟ್ಟು, ಎಲ್ಲರೂ ರೊಟ್ಟಿಯ ತುಂಡುಗಳನ್ನು ಉದ್ದವಾದ ಮುಳ್ಳುಗಳಿಗೆ ಚುಚ್ಚಿ ಅದರಲ್ಲಿ ಅದ್ದಿ ತಿನ್ನುತ್ತಾರೆ. ತಟ್ಟೆ ಬೇರೆ ಬೇರೆಯಾದರೂ ಪಾತ್ರೆ ಒಂದೇ. ನೊಶಾತೆಲ್ ಸೀಮೆಯು ಈ ಊಟಕ್ಕೆ ಹೆಸರುವಾಸಿ. ಆದರೆ ಇದು ಇಡೀ ದೇಶದ ಊಟವೆಂದು ಕರೆಯಲ್ಪಟ್ಟದ್ದು ೧೯೩೦ರ ನಂತರದಲ್ಲಿ, ಚೀಸ್ ಮಾರಾಟದ ಸಂಘದವರು ಅದನ್ನು ಎಲ್ಲಾ ಕಡೆ ಪ್ರಚಾರಪಡಿಸಿದ ಮೇಲೆಯೇ. ಜೂಲಿಯ ಬಾಲ್ಯದಲ್ಲಿ ಬಡರೈತನ ಮೇಜಿನ ಮೇಲೆ ರೊಟ್ಟಿ, ಬಟಾಟೆ, ಕಾಯಿಪಲ್ಯದ ಸಾರು, ಹಾಲು ಇವೇ ಹೆಚ್ಚು. ಅದೂ ಎಲ್ಲಾ ವರುಷಗಳಲ್ಲಿ ಸಿಕ್ಕುತ್ತಿರಲಿಲ್ಲ. ೧೮೧೫ರಲ್ಲಿ ಪೂರ್ವದ್ವೀಪಗಳಲ್ಲಿನ ತಂಬೋರಾ ಎಂಬ ಬೆಂಕಿಬೆಟ್ಟವು ಸಿಡಿದು ಅದರ ಧೂಳು ಆಕಾಶದಲ್ಲಿ ಹರಡಿದ್ದರಿಂದ ೧೮೧೬ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹಣ್ಣಾಗದೆ ಕೊಳೆಯಿತು. ಸ್ವಿಟ್ಜರ್‌ಲೆಂಡಿನಲ್ಲಿಯೂ ನೆರೆಯ ಜರ್ಮನ್ ಸೀಮೆಗಳಲ್ಲಿಯೂ ಜನರು ಹುಲ್ಲುಬೇರುಗಳನ್ನು ತಿಂದರು. ಆಗ ಜೂಲಿಗೆ ಏಳು ವರುಷ. ರೊಟ್ಟಿಯ ಚೂರನ್ನು ಕೆಳಗೆ ಬೀಳಗೊಡಿಸದ ಅಭ್ಯಾಸವನ್ನು ಆ ತಲೆಮಾರಿನವರು ಹೀಗೆಯೇ ಕಲಿತರು.

ಸ್ವಿಸ್ ಜನರು ತಮ್ಮ ಮಕ್ಕಳಿಗೆ ಹೇಳುವ ಇನ್ನೊಂದು ಊಟದ ಸಂಗತಿ ಉಂಟು. ಸುಧಾರಣೆಯ ಕಾಲದಲ್ಲಿ, ೧೫೨೯ರ ಜೂನ್ ತಿಂಗಳಲ್ಲಿ, ಸುಧಾರಣೆಯನ್ನು ಅಂಗೀಕರಿಸಿದ ಚ್ಯೂರಿಕ್ ಪಟ್ಟಣದ ದಂಡೂ ರೋಮಾಪುರದ ಸಭೆಯನ್ನು ಬಿಡದ ಬೆಟ್ಟದ ಸೀಮೆಗಳ ದಂಡೂ ಕಾಪೆಲ್ ಎಂಬಲ್ಲಿ ಎದುರುಬದುರಾಗಿ ನಿಂತವು. ಹಿರಿಯರು ಸಂಧಾನದ ಮಾತು ಆಡುತ್ತಿರುವಾಗ ಸಿಪಾಯಿಗಳಿಗೆ ಹಸಿವಾಯಿತು. ಬೆಟ್ಟದವರಲ್ಲಿ ಹಾಲು ಇತ್ತು, ರೊಟ್ಟಿ ಇರಲಿಲ್ಲ. ಪಟ್ಟಣದವರಲ್ಲಿ ರೊಟ್ಟಿ ಇತ್ತು, ಹಾಲು ಇರಲಿಲ್ಲ. ಎರಡು ಸೀಮೆಗಳ ಗಡಿಯ ಮೇಲೆ ಒಂದು ದೊಡ್ಡ ಪಾತ್ರೆಯನ್ನು ಇಟ್ಟು, ಹಾಲು ಹೊಯ್ದು ರೊಟ್ಟಿಯನ್ನು ಮುರಿದುಹಾಕಿ, ಒಬ್ಬರು ಈ ಕಡೆಯಿಂದ ಒಬ್ಬರು ಆ ಕಡೆಯಿಂದ ಉಂಡರೆಂದು ಹೇಳುತ್ತಾರೆ. ಆ ದಿನ ಯುದ್ಧ ನಡೆಯಲಿಲ್ಲ. ಎರಡು ವರುಷಗಳ ತರುವಾಯ ಅದೇ ಕಾಪೆಲಿನಲ್ಲಿ ಯುದ್ಧ ನಡೆದು, ೧೫೩೧ನೆಯ ಅಕ್ಟೋಬರ್ ೧೧ರಂದು ಚ್ಯೂರಿಕಿನ ಸುಧಾರಕರಾದ ಟ್ಸ್ವಿಂಗ್ಲಿಯವರು ಮಡಿದರೆಂಬದೂ ಸತ್ಯವೇ. ಆದರೂ ಸ್ವಿಸ್ ಜನರು ಕಾಪೆಲಿನ ಹಾಲುಸಾರನ್ನು ಮರೆತಿಲ್ಲ. ಒಂದೇ ಪಂಕ್ತಿಯಲ್ಲಿ ಕೂರದವರು ಒಂದೇ ಪಾತ್ರೆಯಿಂದ ಉಂಡರೆಂಬದನ್ನು ಅವರು ತಮ್ಮ ದೇಶದ ಮುಖ್ಯ ಆಸ್ತಿಯಲ್ಲಿ ಒಂದಾಗಿ ಎಣಿಸುತ್ತಾರೆ. ಜೂಲಿ ಅಮ್ಮನವರ ಮುಂದಿನ ಚರಿತ್ರೆಯನ್ನು ಓದುವಾಗ ಈ ಸಂಗತಿಯನ್ನು ನೀವು ನೆನಪಿನಲ್ಲಿ ಇಡಬೇಕೆಂದು ಬೇಡುತ್ತೇವೆ.

ಜೂಲಿಗೆ ಇಪ್ಪತ್ತಾರು ವರುಷವಾಗಿದ್ದಾಗ, ಆಂತೋನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಬೋಧಕರು ಸ್ವಿಟ್ಜರ್‌ಲೆಂಡಿನಲ್ಲಿ ಸಂಚರಿಸಿ, ಭಾರತದೇಶದ ಸೇವೆಗೆ ಜನರನ್ನು ಕರೆದರು. ಗ್ರೋವ್ಸರು ಮೊದಲು ಹಲ್ಲಿನ ವೈದ್ಯರಾಗಿದ್ದು, ಆ ಲಾಭದ ಉದ್ಯೋಗವನ್ನು ಬಿಟ್ಟು ಬಾಗ್ದಾದ್ ಪಟ್ಟಣಕ್ಕೆ ಹೋಗಿ ಸೇವೆ ಮಾಡಿದವರು. ಅವರ ಕರೆಗೆ ಓಗೊಟ್ಟವರಲ್ಲಿ ಜೂಲಿಯೂ ಮಾರೀ ಮೊನ್ನಾರ್ ಎಂಬ ಇನ್ನೊಬ್ಬ ಯುವತಿಯೂ ಇದ್ದರು. ಆ ಗುಂಪಿನಲ್ಲಿ ಸ್ಟುಟ್‌ಗಾರ್ಟ್ ಪಟ್ಟಣದ ಇಪ್ಪತ್ತೆರಡು ವರುಷದ ವಿದ್ವಾಂಸರಾದ ಹೆರ್ಮನ್ ಗುಂಡರ್ಟರೂ ಇದ್ದರು. ೧೮೩೬ರಲ್ಲಿ ಇವರೆಲ್ಲರೂ ಹಡಗು ಹತ್ತಿ ಜುಲೈ ತಿಂಗಳಲ್ಲಿ ಮದ್ರಾಸಿಗೆ ಮುಟ್ಟಿದರು.

ನೊಶಾತೆಲಿನವರು ನಮ್ಮ ನಾಡಿಗೆ ಬಂದದ್ದು ಇದೇ ಮೊದಲಲ್ಲ. ಮೂವತ್ತೇಳು ವರುಷಗಳ ಹಿಂದೆ, ೧೭೯೯ರಲ್ಲಿ, ಟೀಪು ಸುಲ್ತಾನನ ಶ್ರೀರಂಗಪಟ್ಟಣವನ್ನು ಮುತ್ತಿದ ಇಂಗ್ಲಿಷ್ ದಂಡಿನಲ್ಲಿ ದ ಮ್ಯೂರೋನ್ ಎಂಬ ಸ್ವಿಸ್ ಪಟಾಲಮು ಇತ್ತು. ಅದನ್ನು ೧೭೮೧ರಲ್ಲಿ ಕಟ್ಟಿದವರು ನೊಶಾತೆಲ್ ಸೀಮೆಯ ಕೌಂಟ್ ಶಾರ್ಲ್ ದಾನಿಯೆಲ್ ದ ಮ್ಯೂರೋನ್. ಆ ಪಟಾಲಮಿನವರ ಸಮಾಧಿಗಳು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದ ಸ್ಮಶಾನದಲ್ಲಿ ಈಗಲೂ ಇವೆ. ಅವರು ಸಂಬಳಕ್ಕಾಗಿ ಕೋವಿ ಹಿಡಿದು ಬಂದರು. ಜೂಲಿ ಬರುವಾಗ ಅವರ ಕೈಯಲ್ಲಿ ಫ್ರೆಂಚ್ ವೇದಪುಸ್ತಕವೂ ಹೊಲಿಗೆಯ ಸಾಮಾನೂ ಬಿಟ್ಟರೆ ಹೆಚ್ಚೇನೂ ಇರಲಿಲ್ಲವೆಂದರೆ ತಪ್ಪಾಗದು.

ಗ್ರೋವ್ಸರ ಸಂಗಡ ಚಿತ್ತೂರಿನಲ್ಲಿ ಇದ್ದುಕೊಂಡು ಜೂಲಿಯು ಮಕ್ಕಳಿಗೆ ಕಲಿಸುವ ಕೆಲಸದಲ್ಲಿ ತೊಡಗಿದರು. ೧೮೩೮ನೆಯ ಜುಲೈ ೨೩ರಂದು ಅಲ್ಲಿಯೇ ಗುಂಡರ್ಟರಿಗೂ ಅವರಿಗೂ ವಿವಾಹವಾಯಿತು. ಮದಲಿಂಗನಿಗಿಂತ ಮದಲಗಿತ್ತಿಯು ನಾಲ್ಕು ವರುಷ ದೊಡ್ಡವರು. ಅವನ ಮಾತೃಭಾಷೆ ಜರ್ಮನ್, ಆಕೆಯದು ಫ್ರೆಂಚ್. ಅದೇ ವರುಷ ನವೆಂಬರ್ ತಿಂಗಳಲ್ಲಿ ಅವರು ಮಂಗಳೂರಿಗೆ ಬಂದು ಬಾಸೆಲ್ ಮಿಶನಿನವರೊಂದಿಗೆ ಸೇರಿಕೊಂಡರು. ಬಾಸೆಲಿನ ಬೋಧಕರು ಮಂಗಳೂರಿಗೆ ಮುಟ್ಟಿ ಆಗ ನಾಲ್ಕು ವರುಷ ಮಾತ್ರವಾಗಿತ್ತು. ಗುಂಡರ್ಟರ ಹಾಗೆ ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ಓದಿದ ಮೊಗ್ಲಿಂಗ್ ದೊರೆಗಳೂ ಅಲ್ಲಿದ್ದರು. ಹಿಂದಿನ ವರುಷ, ೧೮೩೭ರ ಏಪ್ರಿಲಿನಲ್ಲಿ, ನಮ್ಮ ಸುಳ್ಯ ಪುತ್ತೂರುಗಳ ಕಡೆಯಿಂದ ಎದ್ದ ರೈತರು ಕಂಪೆನಿ ಸರಕಾರದ ವಿರುದ್ಧ ಮಂಗಳೂರಿನ ವರೆಗೆ ದಂಡೆತ್ತಿ ಹೋಗಿದ್ದರು. ಆ ಕಲಹದ ನೆನಪು ಊರಲ್ಲಿ ಇನ್ನೂ ಹಸಿಯಾಗಿತ್ತು. ಇಂಥ ಪಟ್ಟಣದಲ್ಲಿ ಈ ಸ್ವಿಸ್ ಮದಲಗಿತ್ತಿಯು ತನ್ನ ಸಂಸಾರವನ್ನು ಆರಂಭಿಸಿದರು.

ಇಲ್ಲಿ ಒಲೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಹುಟ್ಟೂರಿನ ಊಟವನ್ನು ನಮ್ಮ ಕರಾವಳಿಯಲ್ಲಿ ಮಾಡುವದು ಆಗ ಸುಲಭವಲ್ಲ. ಚೀಸು ಮಾಡಬೇಕಾದರೆ ಎಳೇಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಹಾಲಿಗೆ ಹಾಕಿ, ಗಟ್ಟಿಯಾದದ್ದನ್ನು ಹಿಂಡಿ ಉಪ್ಪು ಸವರಿ, ತಣ್ಣಗಿರುವ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಡಬೇಕು. ಇಲ್ಲಿಯ ಸೆಕೆಯಲ್ಲಿ ಬೆಳಗ್ಗಿನ ಹಾಲು ಸಂಜೆಗೆ ಕೆಡುವದು. ಆಟಿ ತಿಂಗಳ ಮಳೆಯಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವದು. ಆದ ಕಾರಣ ನಮ್ಮ ಹಿರಿಯರು ಹಾಲನ್ನು ಮೊಸರು, ಮಜ್ಜಿಗೆ, ತುಪ್ಪ ಮಾಡಿ ಉಳಿಸಿಕೊಂಡರೇ ಹೊರತು ಚೀಸಿನ ದಾರಿಗೆ ಹೋಗಲಿಲ್ಲ. ಗೋದಿ ನಮ್ಮ ಗದ್ದೆಯ ಬೆಳೆಯಲ್ಲ. ದ್ರಾಕ್ಷೆ ನಮ್ಮ ಮಳೆಗೆ ನಿಲ್ಲುವದಿಲ್ಲ. ಕೊರ್ಸೆಲಿನ ಮೇಜಿಗೆ ಬೇಕಾದ ರೊಟ್ಟಿ, ಚೀಸು, ದ್ರಾಕ್ಷಾರಸ ಇವು ಮೂರೂ ಇಲ್ಲಿ ಇಲ್ಲ. ಹೀಗಿರಲಾಗಿ ಬೋಧಕರ ಸಂಸಾರಗಳವರು ಅನ್ನಸಾರಿನ ಊಟವನ್ನು ಅಭ್ಯಾಸ ಮಾಡಿಕೊಳ್ಳಲೇಬೇಕಾಯಿತು.

ಆದರೆ ಊಟದಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಬೇರೊಂದು ಇತ್ತು. ಏನು ಉಣ್ಣುವದು ಎಂಬದು ಸ್ವಿಸ್ ಜನರ ಚಿಂತೆ. ಯಾರ ಸಂಗಡ ಉಣ್ಣುವದು ಎಂಬದು ನಮ್ಮ ನಾಡಿನ ಚಿಂತೆ. ಜಾತಿಯ ಹೊರಗಿನವರ ಕೈಯಿಂದ ಒಂದು ತುತ್ತು ಉಂಡವನು ಮನೆಯ ಪಂಕ್ತಿಯಿಂದ ಎದ್ದುಹೋದ ಹಾಗೆಯೇ. ಆತನ ಹೆಂಡತಿ ಆತನವಳಲ್ಲ, ಆಸ್ತಿ ಆತನದಲ್ಲ, ಸತ್ತರೆ ಹೊರುವವರಿಲ್ಲ. ೧೮೪೪ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಊರೆಲ್ಲಾ ಕಲಕಿತು. ಆ ಯುವಕರೇ ೧೮೪೬ರಲ್ಲಿ ಮೊಗ್ಲಿಂಗರ ಸಂಗಡ ಬಾಸೆಲ್ ಪಟ್ಟಣಕ್ಕೆ ಹೋಗಿ ಐದು ವರುಷ ಓದಿ, ೧೮೫೧ರಲ್ಲಿ ಬೋಧಕರಾಗಿ ಹಿಂತಿರುಗಿದರು. ಮಂಗಳೂರಿನ ಕುಚ್ಚಲಕ್ಕಿಯ ಅನ್ನದಿಂದ ಬೆಳೆದವರು ಐದು ವರುಷ ಸ್ವಿಸ್ ಮೇಜಿನಲ್ಲಿ ಉಂಡರು. ೧೮೫೦ರಲ್ಲಿ ಸರಕಾರದವರು ೨೧ನೆಯ ಕಾಯಿದೆಯನ್ನು ಮಾಡಿ, ಮತಾಂತರ ಹೊಂದಿದವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ವಿಧಿಸಿದರು. ಕಾಯಿದೆಯು ಗದ್ದೆಯ ಪಾಲನ್ನು ತಿರಿಗಿ ಕೊಡಿಸಬಲ್ಲದು. ತಾಯಿಯ ಪಕ್ಕದಲ್ಲಿ ಎಲೆ ಹಾಕಿಸಲಾರದು. ನಮ್ಮ ಸಭೆಗಳ ಮೊದಲನೆಯ ತಲೆಮಾರಿನವರು ಈ ದುಃಖವನ್ನು ಉಂಡವರು. ಅವರ ಮೊಮ್ಮಕ್ಕಳಾದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮಂಗಳೂರಿನಲ್ಲಿ ಗುಂಡರ್ಟ್ ದಂಪತಿಗಳು ಕೆಲವು ತಿಂಗಳು ಮಾತ್ರ ಇದ್ದರು. ತಲಚೇರಿಯಲ್ಲಿ ನ್ಯಾಯಾಧೀಶರಾಗಿದ್ದ ಸ್ಟ್ರೇಂಜ್ ದೊರೆಗಳು ಅಲ್ಲಿಯ ನೆಟ್ಟೂರಿನ ತಮ್ಮ ಬಂಗಲೆಯನ್ನು ಮಿಶನಿಗೆ ದಾನವಾಗಿ ಕೊಟ್ಟದ್ದರಿಂದ ೧೮೩೯ರ ಏಪ್ರಿಲಿನಲ್ಲಿ ಅವರು ಅಲ್ಲಿಗೆ ಹೋದರು. ಆ ವರುಷದಲ್ಲಿಯೇ ಅವರ ಹಿರಿಯ ಮಗನಾದ ಹೆರ್ಮನನು ಹುಟ್ಟಿದನು. ಗಂಡನು ತಾಳೆಗರಿಗಳನ್ನೂ ಗಾದೆಗಳನ್ನೂ ಕೂಡಿಸುತ್ತಾ ಹೋಗುವಾಗ ಹೆಂಡತಿಯು ಬಂಗಲೆಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ ಕಲಿಸತೊಡಗಿದರು. ಹೆಣ್ಣುಮಕ್ಕಳು ವಾಸಮಾಡಿಕೊಂಡು ಓದುವ ಶಾಲೆಯು ಮಲಬಾರಿನವರಿಗೆ ಆಗ ಹೊಸದು. ಬಂದವರಲ್ಲಿ ತಬ್ಬಲಿಗಳೂ ಬಡವರ ಮಕ್ಕಳೂ ಇದ್ದರು. ಮಲಬಾರಿನಲ್ಲಿ ಹೊಲದ ಕೆಲಸದ ಜನರನ್ನು ಆಳುಗಳೆಂದು ಕೊಡುವ ಕೊಳ್ಳುವ ವಾಡಿಕೆ ಆಗ ನಡೆಯುತ್ತಿತ್ತು. ಅದಕ್ಕೆ ನ್ಯಾಯಸ್ಥಾನದ ಬೆಂಬಲ ತಪ್ಪಿದ್ದು ೧೮೪೩ರ ೫ನೆಯ ಕಾಯಿದೆಯಿಂದ. ಅಂಥ ಸೀಮೆಯಲ್ಲಿ, ಒಬ್ಬರನ್ನೊಬ್ಬರು ಮುಟ್ಟಬಾರದೆಂದು ಕಲಿಸಲ್ಪಟ್ಟ ಕುಲಗಳ ಮಕ್ಕಳನ್ನು ಒಂದೇ ಮನೆಯಲ್ಲಿ ಮಲಗಿಸಿ, ಒಂದೇ ಹಂಡೆಯ ಗಂಜಿಯನ್ನು ಬಡಿಸಿ, ಓದು ಬರಹ ಹೊಲಿಗೆಗಳನ್ನು ಕಲಿಸುವದು ಎಷ್ಟು ಕಷ್ಟವೆಂದು ನೀವೇ ಯೋಚಿಸಿರಿ. ೧೮೪೯ರಲ್ಲಿ ಗುಂಡರ್ಟರು ಚಿರಕ್ಕಲ್ಲಿಗೆ ಹೋದಾಗ ಈ ಹೆಣ್ಣುಮಕ್ಕಳ ಶಾಲೆಯೂ ಅವರ ಸಂಗಡ ಅಲ್ಲಿಗೆ ಹೋಯಿತು.

ಕಾಪೆಲಿನ ಪಾತ್ರೆಯನ್ನು ಇಲ್ಲಿ ನೆನಪುಮಾಡಿಕೊಳ್ಳಿರಿ. ಹಾಲುರೊಟ್ಟಿಯ ಬದಲಾಗಿ ಗಂಜಿ ಚಟ್ನಿ ಬಂದಿತ್ತು. ಪದಾರ್ಥದಲ್ಲಿ ಸ್ವಿಸ್ ದೇಶದ್ದು ಏನೂ ಇರಲಿಲ್ಲ. ಆದರೆ ಗಡಿಯ ಮೇಲೆ ಇಟ್ಟ ಒಂದೇ ಪಾತ್ರೆ ಎಂಬ ಆ ಹಳೇ ಆಸ್ತಿಯು ಈ ತಾಯಿಯ ಕೈಯಿಂದ ಮಲೆಯಾಳದ ಮಣ್ಣಿಗೆ ಬಂದಿತೆಂದು ನಾವು ಎಣಿಸುತ್ತೇವೆ.

ಈಗ ದುಃಖದ ಭಾಗವನ್ನು ಹೇಳುತ್ತೇವೆ. ಗುಂಡರ್ಟರ ದೇಹಸ್ಥಿತಿ ಕೆಟ್ಟದ್ದರಿಂದ ೧೮೪೫ರಲ್ಲಿ ಕುಟುಂಬದವರೆಲ್ಲಾ ಯುರೋಪಿಗೆ ಹೋದರು. ೧೮೪೭ರಲ್ಲಿ ದಂಪತಿಗಳು ತಿರಿಗಿ ಬರುವಾಗ ಹಿರಿಯ ಮಕ್ಕಳು ಅವರ ಸಂಗಡ ಇರಲಿಲ್ಲ. ೧೮೪೨ನೆಯ ಅಕ್ಟೋಬರ್ ೧೮ರಂದು ತಲಚೇರಿಯಲ್ಲಿ ಹುಟ್ಟಿದ ಮಾರೀ ಎಂಬ ಮಗಳಿಗೆ ಆಗ ಐದು ವರುಷವೂ ತುಂಬಿರಲಿಲ್ಲ. ಅವಳನ್ನೂ ಬಿಟ್ಟುಬಂದರು. ಇಲ್ಲಿಯ ಜ್ವರ ವಾಂತಿಭೇದಿಗಳಿಂದ ಬೋಧಕರ ಮಕ್ಕಳು ಬಹಳ ಮಂದಿ ಸಾಯುತ್ತಿದ್ದರು. ಯುರೋಪಿನ ವಿದ್ಯೆಯೂ ಇಲ್ಲಿ ಸಿಕ್ಕದು. ೧೮೫೩ರಲ್ಲಿ ಬಾಸೆಲಿನ ಕಮಿಟಿಯವರು ಶಾಲೆಯ ಪ್ರಾಯದ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕೆಂದು ವಿಧಿಯನ್ನೇ ಮಾಡಿ, ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯನ್ನು ಇಟ್ಟರು. ಕಾರಣ ಎಷ್ಟು ಸರಿಯಾದರೂ ತಾಯಿಯ ಕರುಳಿಗೆ ಅದು ಸಮಾಧಾನವಲ್ಲ. ಪರರ ಹೆಣ್ಣುಮಕ್ಕಳಿಗೆ ದಿನದಿನವೂ ಬಡಿಸುತ್ತಿದ್ದ ಕೈಗೆ ತನ್ನ ಮಗಳಿಗೆ ಬಡಿಸುವ ಭಾಗ್ಯ ಹತ್ತು ವರುಷ ಇಲ್ಲದೆ ಹೋಯಿತು. ಆ ಮಗಳು ಪರರ ಮೇಜಿನಲ್ಲಿ ಉಂಡು, ಬಾಸೆಲಿನಲ್ಲಿಯೂ ಕೊರ್ನ್‌ತಾಲ್ ಎಂಬ ಊರಿನ ಶಾಲೆಯಲ್ಲಿಯೂ ಬೆಳೆದಳು. ಕಾಗದ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ಇದನ್ನು ನಾವು ಬರೇ ಹೊಗಳಿಕೆಯಿಂದ ಮುಚ್ಚಿಬಿಡಲಾರೆವು. ಮನೆತನದ ಆಸ್ತಿಯಲ್ಲಿ ತಾಯಿಯ ಮುಖವೇ ಮೊದಲನೆಯದು. ಆ ಮಕ್ಕಳು ಅದನ್ನು ಕಳಕೊಂಡೇ ಬೆಳೆದರು. ಗಂಡಹೆಂಡಿರಿಬ್ಬರೂ ಹೊರದೇಶದ ಕೆಲಸಕ್ಕೆ ಹೋಗಿ ಅಜ್ಜಿಯ ಕೈಯಲ್ಲಿ ಮಕ್ಕಳನ್ನು ಬಿಟ್ಟಿರುವ ಮನೆಗಳು ನಮ್ಮ ಗ್ರಾಮಗಳಲ್ಲಿಯೂ ಇರುವದರಿಂದ ಈ ಮಾತನ್ನು ಬಿಡದೆ ಬರೆದೆವು.

೧೮೫೭ರಲ್ಲಿ ಎರಡು ಸಂಗತಿಗಳು ನಡೆದವು. ಸರಕಾರದವರು ಗುಂಡರ್ಟರನ್ನು ಮಲಬಾರ್ ಕೆನರಾ ಜಿಲ್ಲೆಗಳ ಶಾಲೆಗಳ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿದರು. ಕೆನರಾ ಜಿಲ್ಲೆಯು ಆಗ ಇನ್ನೂ ಉತ್ತರ ದಕ್ಷಿಣವೆಂದು ವಿಭಾಗವಾಗಿರಲಿಲ್ಲ. ನಮ್ಮ ಪುತ್ತೂರು ಸೀಮೆಯೂ ಅದರೊಳಗೆ ಇತ್ತು. ಹೀಗೆ ಆ ಕುಟುಂಬದವರ ಸಂಬಂಧವು ತಿರಿಗಿ ಕನ್ನಡ ನಾಡಿನೊಂದಿಗೆ ಕೂಡಿತು. ಎರಡನೆಯ ಸಂಗತಿಯೇನಂದರೆ, ಅದೇ ವರುಷ ಮಗಳಾದ ಮಾರೀ ಹದಿನೈದನೆಯ ಪ್ರಾಯದಲ್ಲಿ ತಂದೆತಾಯಿಗಳ ಬಳಿಗೆ ಬಂದಳು. ಹತ್ತು ವರುಷ ಕಾಣದಿದ್ದ ಮಗಳೂ ತಾಯಿಯೂ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಹೊಸದಾಗಿ ಅರಿಯಬೇಕಾಗಿತ್ತು. ತಾಯಿಯ ಶಾಲೆಯ ಕೆಲಸದಲ್ಲಿ ಮಗಳೂ ಕೈಹಾಕಿದಳು. ಆದರೆ ಈ ಸಹವಾಸವು ಬಹುಕಾಲ ನಡೆಯಲಿಲ್ಲ. ರೋಗವು ಹೆಚ್ಚಿದ್ದರಿಂದ ಗುಂಡರ್ಟರು ೧೮೫೯ರಲ್ಲಿ ಭಾರತದೇಶವನ್ನು ಬಿಟ್ಟರು. ಜೂಲಿ ಅಮ್ಮನವರು ೧೮೬೦ರಲ್ಲಿ ಅವರನ್ನು ಹಿಂಬಾಲಿಸಿದರು. ಮದ್ರಾಸಿನ ದಡಕ್ಕೆ ಕಾಲಿಟ್ಟ ದಿನದಿಂದ ಅದಕ್ಕೆ ಇಪ್ಪತ್ತನಾಲ್ಕು ವರುಷವಾಗಿತ್ತು.

ಹೋದದ್ದು ತಮ್ಮ ಕೊರ್ಸೆಲಿಗೆ ಅಲ್ಲ, ಗಂಡನ ಸೀಮೆಯಾದ ವ್ಯೂರ್ಟೆಂಬೆರ್ಗಿನ ಕಾಲ್ವ್ ಎಂಬ ಸಣ್ಣ ಪಟ್ಟಣಕ್ಕೆ. ಅಲ್ಲಿ ೧೮೬೨ರಿಂದ ಗುಂಡರ್ಟರು ಕ್ರೈಸ್ತ ಪುಸ್ತಕಗಳನ್ನು ಪ್ರಕಟಿಸುವ ಸಂಘದ ಮುಖ್ಯಸ್ಥರಾದರು. ಅಮ್ಮನವರು ಇಪ್ಪತ್ತೈದು ವರುಷ ಆ ಊರಲ್ಲಿ ಇದ್ದರೂ ಜರ್ಮನ್ ಮಾತು ಅವರ ನಾಲಿಗೆಗೆ ಸರಿಯಾಗಿ ಒಗ್ಗಲೇ ಇಲ್ಲ. ಕೊರ್ಸೆಲಿನ ಫ್ರೆಂಚ್ ಮಾತೇ ಅವರಿಗೆ ಕೊನೆಯ ವರೆಗೂ ಮನೆಯ ಮಾತಾಯಿತು. ಮಲಬಾರಿನವರಿಗೆ ಅವರು ಬಿಳೀ ದೊರೆಸಾನಿ, ಕಾಲ್ವಿನವರಿಗೆ ಪರಸೀಮೆಯವಳು. ಮೋವಾಬಿನಿಂದ ಬಂದ ರೂತಳ ಹಾಗೆ ಗಂಡನ ಜನರನ್ನು ತನ್ನ ಜನರೆಂದು ಅಂಗೀಕರಿಸಿದರು, ಆದರೆ ತಾಯಿ ಕಲಿಸಿದ ಮಾತನ್ನು ಬಿಡಲಿಲ್ಲ. ಆ ಮನೆಯಲ್ಲಿ ಭಾರತದೇಶವೂ ಒಂದು ಪಾಲನ್ನು ಪಡೆದಿತ್ತು. ಗುಂಡರ್ಟರು ಅಲ್ಲಿಯೇ ಕುಳಿತು ಮಲೆಯಾಳ ನಿಘಂಟನ್ನು ಮುಗಿಸಿದರು. ಇಂಡಿಯಾದಿಂದ ಬರುವ ಹೋಗುವ ಬೋಧಕರು ಅವರ ಮನೆಗೆ ಬರುತ್ತಿದ್ದರು. ಮೇಜಿನ ಸುತ್ತಲೂ ಮೂರು ನಾಲ್ಕು ದೇಶಗಳ ಮಾತು ಕೂಡುತ್ತಿತ್ತು.

ಮಾರೀಯು ೧೮೬೫ರಲ್ಲಿ ಚಾರ್ಲ್ಸ್ ಇಸೆನ್‌ಬೆರ್ಗ್ ಎಂಬ ಬೋಧಕರನ್ನು ಮದುವೆಯಾಗಿ ಸಿಂಧ್ ಸೀಮೆಗೆ ಹೋದಳು. ೧೮೭೦ರಲ್ಲಿ ಅವರು ತೀರಿಕೊಂಡದ್ದರಿಂದ ಎರಡು ಗಂಡುಮಕ್ಕಳೊಂದಿಗೆ ವಿಧವೆಯಾದಳು. ತರುವಾಯ ೧೮೭೪ರಲ್ಲಿ, ೧೮೬೯ರಿಂದ ೧೮೭೩ರ ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೇವೆ ಮಾಡಿ ದೇಹಾಲಸ್ಯದಿಂದ ಹಿಂತಿರುಗಿದ ಯೋಹಾನ್ನೆಸ್ ಹೆಸ್ಸೆಯವರೊಂದಿಗೆ ಆಕೆಗೆ ಮದುವೆಯಾಯಿತು. ಅವರ ಮಗನೇ ೧೮೭೭ನೆಯ ಜುಲೈ ೨ರಂದು ಕಾಲ್ವಿನಲ್ಲಿ ಹುಟ್ಟಿ, ೧೯೨೨ರಲ್ಲಿ ಸಿದ್ಧಾರ್ಥ ಎಂಬ ಕಥೆಯನ್ನು ಪ್ರಕಟಿಸಿ, ೧೯೪೬ರಲ್ಲಿ ನೊಬೆಲ್ ಪಾರಿತೋಷಕ ಹೊಂದಿದ ಹೆರ್ಮನ್ ಹೆಸ್ಸೆ. ಅವರು ೧೯೨೪ರಲ್ಲಿ ಸ್ವಿಸ್ ಪೌರತ್ವವನ್ನು ಪಡೆದು ಆ ದೇಶದಲ್ಲಿಯೇ ೧೯೬೨ರಲ್ಲಿ ತೀರಿಕೊಂಡರು. ಅಜ್ಜಿಯು ಬಿಟ್ಟುಬಂದ ದೇಶಕ್ಕೆ ಮೊಮ್ಮಗನು ಸೇರಿದನು. ಇನ್ನೊಬ್ಬ ಮೊಮ್ಮಗನಾದ ವಿಲ್ಹೆಲ್ಮ್ ಗುಂಡರ್ಟರು ಜಪಾನ್ ದೇಶಕ್ಕೆ ಹೋಗಿ ಆ ಭಾಷೆಯ ಪಂಡಿತರಾದರು. ಸಿದ್ಧಾರ್ಥ ಪುಸ್ತಕದ ಎರಡನೆಯ ಭಾಗವನ್ನು ಹೆಸ್ಸೆಯವರು ಆತನಿಗೆ ಅರ್ಪಿಸಿದ್ದಾರೆ. ಹೆಸ್ಸೆಯವರು ಹಿರಿಯರ ಮಾರ್ಗದಲ್ಲಿಯೇ ನಡೆಯಲಿಲ್ಲವೆಂಬದು ಎಲ್ಲರಿಗೂ ತಿಳಿದದ್ದು. ಆದರೂ ಪರರ ಮನೆಯ ಮಾತನ್ನು ಕಿವಿಗೊಟ್ಟು ಕೇಳುವ ಗುಣವನ್ನು ಆ ಮನೆಯ ಮೇಜಿನಿಂದ ಹೊತ್ತುಕೊಂಡು ಹೋದರೆಂದು ಹೇಳಬಹುದು.

ಜೂಲಿ ಅಮ್ಮನವರು ೧೮೮೫ನೆಯ ಸೆಪ್ಟೆಂಬರ್ ೧೮ರಂದು ಕಾಲ್ವಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರಿಗೆ ಎಪ್ಪತ್ತಾರು ವರುಷ ತುಂಬಲು ಹದಿಮೂರು ದಿನ ಉಳಿದಿತ್ತು. ಗುಂಡರ್ಟರು ಎಂಟು ವರುಷಗಳ ತರುವಾಯ, ೧೮೯೩ನೆಯ ಏಪ್ರಿಲ್ ೨೫ರಂದು ತೀರಿಕೊಂಡರು.

ಸ್ವಿಸ್ ಜನರು ೧೨೯೧ರಲ್ಲಿ ತಮ್ಮ ಹಿರಿಯರು ಮಾಡಿಕೊಂಡ ಒಡಂಬಡಿಕೆಯ ನೆನಪಿಗಾಗಿ ಆಗಸ್ಟ್ ೧ನ್ನು ದೇಶದ ಹಬ್ಬವಾಗಿ ಆಚರಿಸುತ್ತಾರೆ. ಇದು ೧೮೯೧ರಲ್ಲಿ ಆರಂಭವಾದದ್ದು, ಜೂಲಿ ಅಮ್ಮನವರು ಅದನ್ನು ಕಾಣಲಿಲ್ಲ. ಹೊರದೇಶಗಳಲ್ಲಿರುವ ಸ್ವಿಸ್ ಕುಟುಂಬಗಳವರು ಆ ದಿನ ಕೂಡಿಬಂದು ತಮ್ಮ ಹಳೇ ಊಟವನ್ನು ಮಾಡಿ, ಮಕ್ಕಳಿಗೆ ಅಜ್ಜ ಅಜ್ಜಿಯರ ಕಥೆಗಳನ್ನು ಹೇಳುತ್ತಾರೆ. ಇದು ಒಳ್ಳೇದೇ. ನಾಲಿಗೆಗೆ ಹತ್ತಿದ ರುಚಿಯು ಪುಸ್ತಕಕ್ಕಿಂತ ಹೆಚ್ಚು ಕಾಲ ಉಳಿಯುವದು. ನಮ್ಮ ಮಕ್ಕಳು ದೂರದೇಶದಲ್ಲಿ ತೆಂಗಿನಕಾಯಿ ತುರಿದು ಪುಂಡಿ ಬೇಯಿಸಿದರೆ, ಬೇಯುತ್ತಿರುವ ಹೊತ್ತಿನಲ್ಲಿ ಅಜ್ಜಿಯ ಮಾತನ್ನೂ ತಮ್ಮ ಮಕ್ಕಳಿಗೆ ಹೇಳಲಿ. ತುಳುವನ್ನೂ ಕನ್ನಡವನ್ನೂ ಆ ಮೇಜಿನಲ್ಲಿ ಆಡಲಿ. ಯಾಕಂದರೆ ಮಾತು ಹೋದ ಮನೆಯಲ್ಲಿ ರುಚಿ ಒಂದೇ ಬಹುಕಾಲ ನಿಲ್ಲಲಾರದು.

ಅದರೊಂದಿಗೆ ಈ ತಾಯಿಯ ಚರಿತ್ರೆಯಿಂದ ಇನ್ನೊಂದನ್ನೂ ಕಲಿಯೋಣ. ಚೀಸೂ ದ್ರಾಕ್ಷಾರಸವೂ ಇಲ್ಲದ ದೇಶದಲ್ಲಿ ಅವರು ತಮ್ಮ ಮನೆತನದ ಊಟವನ್ನು ಉಳಿಸಿಕೊಂಡದ್ದು ಬಾಗಿಲನ್ನು ತೆರೆಯುವದರಿಂದ. ನಮ್ಮ ಕರ್ತನು ಸುಂಕದವರ ಸಂಗಡ ಉಂಡನೆಂದು ಅವರು ಓದಿದ್ದರು. ಆ ಪ್ರಕಾರವೇ ಬಡಿಸಿದರು. ನಮ್ಮ ಹಿರಿಯರು ಪಂಕ್ತಿಯಿಂದ ಎಬ್ಬಿಸಲ್ಪಟ್ಟವರು. ಹಾಗಿದ್ದರೂ ನಮ್ಮ ಸಭೆಗಳ ಕೆಲವು ಮದುವೆಯ ಊಟಗಳಲ್ಲಿ, ಯಾರ ಅಜ್ಜ ಯಾವ ಕುಲದಿಂದ ಬಂದವನೆಂದು ನೋಡಿ ಬೆಂಚು ಹಾಕುವ ವಾಡಿಕೆಯು ಪೂರ್ಣವಾಗಿ ಹೋಗಿಲ್ಲವೆಂಬದನ್ನು ನಾವು ಲಜ್ಜೆಯಿಂದ ಬರೆಯುತ್ತೇವೆ. ಮುಂದಿನ ಹಬ್ಬಕ್ಕೆ ಕೋರಿರೊಟ್ಟಿ ಮಾಡುವವರು, ಊರಲ್ಲಾಗಲಿ ಹೊರದೇಶದಲ್ಲಾಗಲಿ, ಇನ್ನೊಂದು ಎಲೆಯನ್ನು ಹೆಚ್ಚಾಗಿ ಹಾಕಲಿ. ಇದು ವರೆಗೂ ಮನೆಗೆ ಕರೆಯದ ಒಬ್ಬನನ್ನು ಕರೆದು ಅದರಲ್ಲಿ ಕೂರಿಸಲಿ. ಮಕ್ಕಳು ಅದನ್ನು ನೋಡಲಿ.